ಬೆಂಗಳೂರಿನವರು ಯಾರು, ಎಷ್ಟು?



ಹದಿನಾರು ವರ್ಷಗಳ ಅಂತರದ ನಂತರ ದೇಶದಲ್ಲಿ ಜನಗಣತಿ ಮುಗಿಯಬೇಕಾಗಿದೆ. 2021ರಲ್ಲಿ ಆಗಬೇಕಿದ್ದ ಗಣತಿ ಕೊರೊನಾದಿಂದ ಮುಂದಕ್ಕೆ ಹೋಯಿತು. ಈಗ 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಇಟ್ಟುಕೊಂಡು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದೆ. 1931ರ ನಂತರ ಮೊದಲ ಬಾರಿಗೆ ಎಲ್ಲರ ಜಾತಿಯನ್ನೂ ಗಣತಿಯಲ್ಲೇ ಬರೆದುಕೊಳ್ಳುತ್ತಾರೆ. ಹೀಗಾಗಿ ನಮ್ಮ ಮಠಗಳಲ್ಲಿ, ಸಮಾವೇಶಗಳಲ್ಲಿ ಯಾವ ಕಾಲಂನಲ್ಲಿ ಏನು ಬರೆಸಬೇಕೆಂಬ ಚರ್ಚೆ ಜೋರಾಗಿದೆ. ಬೇಕಾದ ಚರ್ಚೆಯೇ. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು ಒಂದಿದೆ: ಗಣತಿದಾರರು ಯಾರ ಬಾಗಿಲಿಗೆ ಬರುತ್ತಾರೆ, ಬಾಗಿಲೇ ಇಲ್ಲದವರ ಗತಿ ಏನು? ಇದನ್ನು ಬೆಂಗಳೂರಿನ ಉದಾಹರಣೆಯಿಂದ ಹೇಳುತ್ತೇನೆ. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಎಂಜಿನಿಯರಾಗಿ ನೀರು ಸರಬರಾಜು ಯೋಜನೆಗಳ ಅಂದಾಜುಪಟ್ಟಿ ಮಾಡಿದವನು ನಾನು. ತಲೆ ಎಣಿಸದೆ ನಮ್ಮ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ.

ನೀರಿನ ಯೋಜನೆಗೆ ಇಂದಿನ ಜನಸಂಖ್ಯೆ ಸಾಲದು, ಮೂವತ್ತು ವರ್ಷದ ನಂತರದ್ದು ಬೇಕು. ಅದಕ್ಕೆ ಪಠ್ಯಪುಸ್ತಕದಲ್ಲಿ ಸೂತ್ರಗಳಿವೆ. ಕಳೆದ ದಶಕದಲ್ಲಿ ಎಷ್ಟು ಜನ ಹೆಚ್ಚಿದರೋ ಮುಂದಿನ ದಶಕದಲ್ಲೂ ಅಷ್ಟೇ ಹೆಚ್ಚುತ್ತಾರೆ ಎನ್ನುವುದು ಒಂದು ಸೂತ್ರ. ಚಕ್ರಬಡ್ಡಿಯ ಹಾಗೆ ಬೆಳೆಯುತ್ತಾರೆ ಎನ್ನುವುದು ಇನ್ನೊಂದು. ಬೆಂಗಳೂರು ಇವೆರಡನ್ನೂ ಸುಳ್ಳು ಮಾಡಿದ ಊರು. ಪೇಟೆ ಮತ್ತು ದಂಡು ಪ್ರದೇಶ ಸೇರಿ 1931ರಲ್ಲಿ 3.06 ಲಕ್ಷ ಜನರಿದ್ದರು, 1941ರಲ್ಲಿ 4.07 ಲಕ್ಷ. ಮೊದಲ ಸೂತ್ರದಂತೆ 1951ಕ್ಕೆ ಸುಮಾರು 5.1 ಲಕ್ಷ ಆಗಬೇಕು, ಎರಡನೆಯದರಂತೆ 5.4 ಲಕ್ಷ. ಗಣತಿಯಲ್ಲಿ ಬಂದದ್ದು 7.79 ಲಕ್ಷ! ನಡುವೆ ಮಹಾಯುದ್ಧ ನಡೆದಿತ್ತು, 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ ಬಂದಿದ್ದವು. ಯಾವ ಸೂತ್ರಕ್ಕೆ ಇದೆಲ್ಲ ಗೊತ್ತು? ಅದಕ್ಕೂ ಹಿಂದೆ ಹೋದರೆ ಲೆಕ್ಕ ಉಲ್ಟಾ ಆದದ್ದೂ ಉಂಟು. 1891ರಲ್ಲಿ 1.80 ಲಕ್ಷ ಇದ್ದ ಬೆಂಗಳೂರು 1901ಕ್ಕೆ 1.59 ಲಕ್ಷಕ್ಕೆ ಇಳಿಯಿತು. ಕಾರಣ 1898ರ ಪ್ಲೇಗು. 1971ರಿಂದ 1981ರ ನಡುವೆ ಮತ್ತೆ ಶೇ. 76ರಷ್ಟು ಏರಿತು. ಕಾವೇರಿಯ ಮೊದಲ ಹಂತದ ನೀರು ಊರಿಗೆ ಬಂದದ್ದು 1974ರಲ್ಲಿ, ಅದೇ ದಶಕದ ನಡುವೆ. ಈ ನಗರ ಹೆರಿಗೆ ಆಸ್ಪತ್ರೆಗಿಂತ ಬಸ್ಸು ರೈಲು ನಿಲ್ದಾಣಗಳಿಂದ ಹೆಚ್ಚು ಬೆಳೆದಿದೆ ಎನ್ನುವುದು ಈ ಅಂಕಿಗಳಿಂದಲೇ ಕಾಣುತ್ತದೆ.

ಬಂದವರು ಒಂದೇ ಸಲ ಬರಲಿಲ್ಲ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆಯೇ ಕರೆಸಿಕೊಂಡವರ ಊರು. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ಬಳೇಪೇಟೆ, ಅರಳೆಪೇಟೆ, ತಿಗಳರಪೇಟೆ ಎಂಬ ಹೆಸರುಗಳನ್ನು ಓದಿದರೆ ಸಾಕು, ಅದೊಂದು ಹಳೆಯ ಗಣತಿ ಪಟ್ಟಿ. 1638ರಲ್ಲಿ ಊರು ಬಿಜಾಪುರದ ಕೈಸೇರಿ ಶಹಾಜಿಗೆ ಜಹಗೀರಾಗಿ ಸಿಕ್ಕಿತು, ಮರಾಠಿ ಕುಟುಂಬಗಳು ನೆಲೆಸಿದವು. 1687ರಲ್ಲಿ ಮೊಘಲರು ಹಿಡಿದರು, ಚಿಕ್ಕದೇವರಾಜ ಒಡೆಯರು ಅವರಿಂದ ಮೂರು ಲಕ್ಷ ರೂಪಾಯಿಗೆ ಪಡೆದರು. 1809ರಲ್ಲಿ ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿದ ಇಂಗ್ಲಿಷ್ ಸೇನೆ ಹಲಸೂರಿನ ಕಡೆ ದಂಡು ಹಾಕಿತು. ಅದರ ಹಿಂದೆ ತಮಿಳು ಸಿಪಾಯಿಗಳು, ಅಡುಗೆಯವರು, ಗುತ್ತಿಗೆದಾರರು, ಮುಸ್ಲಿಂ ವ್ಯಾಪಾರಿಗಳು, ಆಂಗ್ಲೋ ಇಂಡಿಯನ್ನರು ಬಂದರು. 1901ರಲ್ಲಿ ಪೇಟೆಗಿಂತ ದಂಡಿನಲ್ಲೇ ಜನ ಹೆಚ್ಚು: ಪೇಟೆಯಲ್ಲಿ ಸುಮಾರು 69 ಸಾವಿರ, ದಂಡಿನಲ್ಲಿ ಸುಮಾರು 90 ಸಾವಿರ. ಎರಡೂ ಒಂದೇ ನಗರಪಾಲಿಕೆ ಆದದ್ದು 1949ರಲ್ಲಿ. ಅಂದರೆ ಬೆಂಗಳೂರಿನ ತಮಿಳರಲ್ಲಿ ಎಷ್ಟೋ ಮನೆತನಗಳು ನನ್ನಂಥ ಚಿತ್ರದುರ್ಗದ ಕಡೆಯವನಿಗಿಂತ ನೂರೈವತ್ತು ವರ್ಷ ಹಳೆಯ ಬೆಂಗಳೂರಿನವರು. ಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು, ಓದಿ, ನೌಕರಿಗೆಂದು ಇಲ್ಲಿಗೆ ಬಂದ ನಾನೂ ವಲಸಿಗನೇ.

ಈಗ ಎಲ್ಲರ ಬಾಯಲ್ಲಿ ಓಡಾಡುವ ಅಂಕಿಗೆ ಬರೋಣ. 2011ರ ಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ ಜನ. ಅದರಲ್ಲಿ ಕನ್ನಡ ಮಾತೃಭಾಷೆಯವರು ಶೇ. 44ರ ಆಸುಪಾಸು, ತಮಿಳು 15, ತೆಲುಗು 14, ಉರ್ದು 12, ಹಿಂದಿ 6, ಮಲಯಾಳ 3. ಸಣ್ಣಪುಟ್ಟ ಭಾಷೆಗಳನ್ನೂ ಸೇರಿಸಿದರೆ ನೂರಕ್ಕೂ ಹೆಚ್ಚು ಭಾಷೆಗಳು ಒಂದೇ ಜಿಲ್ಲೆಯಲ್ಲಿ. ಈ 44ನ್ನು ಹಿಡಿದುಕೊಂಡು ಉಳಿದ 56 ಹೊರಗಿನವರು ಎಂದು ವೇದಿಕೆಗಳ ಮೇಲೆ ಭಾಷಣ ಮಾಡುವುದನ್ನು ಕೇಳಿದ್ದೇನೆ. ಲೆಕ್ಕ ಓದಲು ಬರುವ ಯಾರೂ ಹೀಗೆ ಹೇಳಲಾರರು.

ಏಕೆಂದರೆ ಗಣತಿಯ ಮಾತೃಭಾಷೆ ಎಂದರೆ ಚಿಕ್ಕಂದಿನಲ್ಲಿ ತಾಯಿ ಮಗುವಿನೊಂದಿಗೆ ಆಡಿದ ಭಾಷೆ. ಮಂಗಳೂರಿನ ತುಳುವರು, ಕೊಡವರು, ಕಾರವಾರದ ಕೊಂಕಣಿಗರು, ಪಾವಗಡದ ತೆಲುಗು ಮನೆಯವರು, ಬೀದರಿನ ಮರಾಠಿ ಮಾತಿನವರು, ಕೋಲಾರದ ಉರ್ದು ಮಾತಿನ ರೇಷ್ಮೆ ಕೆಲಸಗಾರರು ಇವರೆಲ್ಲ ಆ 56ರೊಳಗೆ ಬರುತ್ತಾರೆ. ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ. ಗಣತಿ ಇಲಾಖೆ ಜನ ಹೇಳಿದ ಮಾತೃಭಾಷೆಗಳನ್ನು ದೊಡ್ಡ ಭಾಷೆಗಳ ಕೆಳಗೆ ಗುಂಪು ಮಾಡುತ್ತದೆ. ಭೋಜಪುರಿ, ರಾಜಸ್ಥಾನಿ, ಮಾರ್ವಾಡಿಯಂತೆ ಲಂಬಾಣಿಯೂ ಹಿಂದಿಯ ಲೆಕ್ಕಕ್ಕೆ ಹೋಗುತ್ತದೆ. ವಿಜಯಪುರದ ತಾಂಡಾದಿಂದ ಬಂದು ಯಲಹಂಕದ ಆಚೆ ಕಲ್ಲು ಹೊರುವ ಹೆಣ್ಣುಮಗಳು, ಹಿಂದಿಯಲ್ಲಿ ನಾಲ್ಕು ಮಾತು ಆಡಲು ಬಾರದಿದ್ದರೂ, ಕೋಷ್ಟಕದಲ್ಲಿ ಹಿಂದಿಯವಳು! ಹಿಂದಿಯವರು ತುಂಬಿಕೊಂಡರು ಎಂದು ಅಂಕಿ ತೋರಿಸುವವರು ಆ ಅಂಕಿಯೊಳಗೆ ನಮ್ಮ ತಾಂಡಾದವರೂ ಇದ್ದಾರೆಂಬುದನ್ನು ಗಮನಿಸಬೇಕು.

ಅದೇ ಗಣತಿಯಲ್ಲಿ ಮಾತೃಭಾಷೆಯ ಜೊತೆಗೆ ತಿಳಿದಿರುವ ಇನ್ನೆರಡು ಭಾಷೆಗಳನ್ನೂ ಬರೆದುಕೊಳ್ಳುತ್ತಾರೆ. ಆ ಕಾಲಂ ಬಗ್ಗೆ ಯಾರೂ ಮಾತನಾಡುವುದಿಲ್ಲ. ಕನ್ನಡ ಎಷ್ಟು ಮನೆಗಳ ತಾಯ್ನುಡಿ ಎಂಬುದು ಒಂದು ಲೆಕ್ಕ, ಎಷ್ಟು ಜನರ ನಾಲಿಗೆಯ ಮೇಲಿದೆ ಎಂಬುದು ಇನ್ನೊಂದು. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಕನ್ನಡದ ಬಗ್ಗೆ ಕಾಳಜಿ ಇರುವವರು ನೋಡಬೇಕಾದದ್ದು ಈ ಎರಡನೆಯ ಲೆಕ್ಕವನ್ನು. ಈಗ ಬಂದವರು ಹತ್ತು ವರ್ಷ ಇಲ್ಲೇ ಇದ್ದರೂ ಕನ್ನಡ ಕಲಿಯದೆ ಹೋದರೆ ಅದು ಚಿಂತಿಸಬೇಕಾದ ವಿಷಯವೇ, ಅದನ್ನು ಅಲ್ಲಗಳೆಯುವುದಿಲ್ಲ. ಕಲಿಸುವ ವ್ಯವಸ್ಥೆಯನ್ನು ನಾವು ಎಷ್ಟು ಮಾಡಿದ್ದೇವೆ ಎಂದೂ ಕೇಳಿಕೊಳ್ಳಬೇಕು.

ವಲಸೆಯ ಲೆಕ್ಕದಲ್ಲೂ ಇಂಥದೇ ಗೊಂದಲ. ಗಣತಿಯಲ್ಲಿ ವಲಸಿಗರು ಎಂದರೆ ಹುಟ್ಟಿದ ಊರು ಅಥವಾ ಹಿಂದೆ ಇದ್ದ ಊರು ಬೇರೆ ಇರುವವರು, ಅಷ್ಟೆ. ಮಾಗಡಿಯಿಂದ ಮದುವೆಯಾಗಿ ರಾಜಾಜಿನಗರಕ್ಕೆ ಬಂದ ಸೊಸೆಯೂ ವಲಸಿಗಳು, ಪಟ್ನಾದಿಂದ ಸಾಫ್ಟ್‌ವೇರ್ ಕೆಲಸಕ್ಕೆ ಬಂದವನೂ ವಲಸಿಗ. ಬೆಂಗಳೂರಿನ ವಲಸಿಗರಲ್ಲಿ ಬಹುಪಾಲು ಜನ ಕರ್ನಾಟಕದೊಳಗಿನಿಂದಲೇ ಬಂದವರು. ತುಮಕೂರು, ಮಂಡ್ಯ, ರಾಮನಗರ, ಹಾಸನ, ಕೋಲಾರದವರು ಹಿಂದಿನಿಂದ ಬರುತ್ತಿದ್ದರು. ಈಗ ಕಲಬುರಗಿ, ಯಾದಗಿರಿ, ರಾಯಚೂರಿನವರು ಗುಳೆ ಬರುತ್ತಾರೆ. ಹೊರಗಿನಿಂದ ಬಂದ ನಗರ್ತಪೇಟೆಯ ಬಂಗಾಳಿ ಅಕ್ಕಸಾಲಿಗರು, ಗಾರ್ಮೆಂಟ್ಸ್‌ಗೆ ಬರುವ ಒಡಿಶಾ, ಜಾರ್ಖಂಡದ ಹುಡುಗಿಯರು, ಅಪಾರ್ಟ್‌ಮೆಂಟಿನ ಗೇಟು ಕಾಯುವ ಅಸ್ಸಾಮಿನ ಹುಡುಗರು ಕಣ್ಣಿಗೆ ಬೀಳುತ್ತಾರೆ. ಯಾದಗಿರಿಯವರು ನಮ್ಮವರಾದ್ದರಿಂದಲೋ ಏನೋ ಕಣ್ಣಿಗೆ ಬೀಳುವುದೇ ಇಲ್ಲ.

ನಮ್ಮ ಬಡಾವಣೆಯ ಹಿಂಭಾಗದಲ್ಲಿ ದೊಡ್ಡದೊಂದು ಕಟ್ಟಡ ಏಳುತ್ತಿದೆ. ಅದರ ಕಾಂಪೌಂಡಿನ ಒಳಗೆ ತಗಡಿನ ಶೆಡ್ಡುಗಳು, ಐವತ್ತೋ ಅರವತ್ತೋ ಕುಟುಂಬ ಇರಬಹುದು. ಬೆಳಗಿನ ನಡಿಗೆಯಲ್ಲಿ ಅಲ್ಲಿನ ಒಬ್ಬನ ಪರಿಚಯವಾಯಿತು. ಯಾವೂರಪ್ಪ ಎಂದೆ. "ಸುರಪುರ ಕಡೆ ರೀ ಸರ" ಎಂದ. ಗಂಡ ಹೆಂಡತಿ ಇಬ್ಬರೂ ಗಾರೆ ಕೆಲಸ, ಮೂರು ಮಕ್ಕಳು. ದೊಡ್ಡವಳು ಶಾಲೆ ಬಿಟ್ಟು ಚಿಕ್ಕವರನ್ನು ನೋಡಿಕೊಳ್ಳುತ್ತಾಳೆ. ಹಿಂದಿನ ವರ್ಷ ರಾಜ್ಯದ ಸಮೀಕ್ಷೆಯವರು ಬಂದಿದ್ದರಾ ಎಂದು ಕೇಳಿದೆ. ನಕ್ಕ. "ಊರಾಗ ಕೇಳಿದ್ರ ಬೆಂಗ್ಳೂರಾಗ ಅದಾರ ಅಂತಾರ್ರಿ. ಇಲ್ಲಿ ಗೇಟಿನಾಗ ಬಂದವ್ರಿಗಿ ವಾಚ್‌ಮನ್ ಒಳಗ ಯಾರೂ ಇಲ್ಲ ಅಂತಾನ್ರಿ. ನಾವು ಎಲ್ಲೂ ಇಲ್ರಿ ಸರ."

ನಾನು ಅಂದಾಜುಪಟ್ಟಿ ಮಾಡುತ್ತಿದ್ದಾಗ ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿಯುತ್ತಿದ್ದೆವು. ಈಗಲೂ ಅದೇ ಮಾನದಂಡ. 2024ರ ಅಕ್ಟೋಬರಿನಲ್ಲಿ ಚಾಲನೆಯಾದ ಕಾವೇರಿ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರ್. 135ರಿಂದ ಭಾಗಿಸಿದರೆ ಸೋರಿಕೆ ಬಿಟ್ಟು 57 ಲಕ್ಷ ಜನರ ನೀರು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದೇ ಮುಖ್ಯವಾಗಿ ಮಾಡಿದ ಯೋಜನೆ ಅದು. ತಗಡಿನ ಶೆಡ್ಡುಗಳು ಹೆಚ್ಚಾಗಿ ಇರುವುದೂ ಆ ಹಳ್ಳಿಗಳ ಸುತ್ತಲೇ. ಆದರೆ ಶೆಡ್ಡಿಗೆ ಖಾತೆ ಇಲ್ಲ, ಖಾತೆ ಇಲ್ಲದಿದ್ದರೆ ನಲ್ಲಿ ಸಂಪರ್ಕ ಇಲ್ಲ. ನಕ್ಷೆಯಲ್ಲಿ ಅದು ಖಾಲಿ ನಿವೇಶನ. ಅವರು ಕುಡಿಯುವುದು ಟ್ಯಾಂಕರಿನ ನೀರು. ತಲೆಗೆ ಎಷ್ಟು ಲೀಟರ್ ಬಂತು ಎಂದು ಯಾರೂ ಅಳೆಯುವುದಿಲ್ಲ, ತಲೆಗಳೇ ಲೆಕ್ಕದಲ್ಲಿಲ್ಲವಲ್ಲ.

ನೀರಷ್ಟೇ ಅಲ್ಲ. ಆಹಾರ ಭದ್ರತಾ ಕಾಯ್ದೆಯಡಿ ರಾಜ್ಯಕ್ಕೆ ಎಷ್ಟು ಜನರ ಪಡಿತರ ಎಂಬುದು ಇಂದಿಗೂ 2011ರ ಗಣತಿಯ ಮೇಲೆ ನಿಂತಿದೆ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ಐದು ನಗರಪಾಲಿಕೆಗಳು ಬಂದವು. ಅವುಗಳ ವಾರ್ಡುಗಳನ್ನು ಕೊರೆದದ್ದೂ 2011ರ ಜನಸಂಖ್ಯೆಯ ಮೇಲೆ. ಅಂದು ಹೊಲವಾಗಿದ್ದ ಜಾಗದಲ್ಲಿ ಇಂದು ಸಾವಿರಾರು ಮನೆಗಳಿದ್ದರೂ ಕಾಗದದಲ್ಲಿ ಅದು ಹೊಲವೇ. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ಸಡಿಲವಾದಾಗ ಸರ್ಕಾರ ಊರಿಗೆ ಹೊರಟವರಿಗೆ ಉಚಿತ ಬಸ್ಸು ಬಿಟ್ಟಿತು. ಮೆಜೆಸ್ಟಿಕ್ಕಿನಲ್ಲಿ ಗಂಟುಮೂಟೆ ಹೊತ್ತು ನಿಂತ ಜನರನ್ನು ನೋಡಿ ಬೆಂಗಳೂರೇ ಬೆರಗಾಯಿತು, ಇಷ್ಟು ಜನ ಎಲ್ಲಿದ್ದರು ಎಂದು. ಇಲ್ಲೇ ಇದ್ದರು.

ಗಣತಿಯಲ್ಲಿ ಬಿಟ್ಟುಹೋಗುವವರ ಲೆಕ್ಕವನ್ನು ಇಲಾಖೆಯೇ ಆಮೇಲೆ ಒಂದು ಪರೀಕ್ಷಾ ಸಮೀಕ್ಷೆಯಿಂದ ತೆಗೆಯುತ್ತದೆ. 2011ರಲ್ಲಿ ಅದು ದೇಶದಲ್ಲಿ ಸರಾಸರಿ ಸಾವಿರಕ್ಕೆ 23. ಹಳ್ಳಿಗಿಂತ ನಗರಗಳಲ್ಲಿ ಹೆಚ್ಚು. ಆಗಿನ ಪಾಲಿಕೆ ವ್ಯಾಪ್ತಿಯ 84 ಲಕ್ಷಕ್ಕೆ ಈ ಸರಾಸರಿಯನ್ನೇ ಹಿಡಿದರೂ ಸುಮಾರು 1.9 ಲಕ್ಷ ಜನ ಆಗುತ್ತದೆ. 1901ರ ಇಡೀ ಬೆಂಗಳೂರಿಗಿಂತ ಹೆಚ್ಚು ಜನ! ಶೇ. 44ರ ಬಗ್ಗೆ ಆಗುವ ಜಗಳದ ನೂರರಲ್ಲಿ ಒಂದು ಪಾಲು ಮಾತೂ ಈ ಎರಡು ಲಕ್ಷದ ಬಗ್ಗೆ ಆಗಿಲ್ಲ.

ಇದು ನಮ್ಮ ಪತ್ರಿಕೆಗೆ ಸಂಬಂಧಿಸಿದ ವಿಷಯವೇ ಎಂದು ಕೆಲವರು ಕೇಳಬಹುದು. ಹನ್ನೆರಡನೆಯ ಶತಮಾನದ ಕಲ್ಯಾಣವೂ ಬಂದವರಿಂದಲೇ ತುಂಬಿದ ಪಟ್ಟಣ. ಅಲ್ಲಮಪ್ರಭುಗಳು ಬಳ್ಳಿಗಾವೆಯವರು, ಅಕ್ಕ ಉಡುತಡಿಯವರು, ಆದಯ್ಯ ಸೌರಾಷ್ಟ್ರದವರು. ಮೋಳಿಗೆ ಮಾರಯ್ಯ ಕಾಶ್ಮೀರದಿಂದ ಬಂದು ಕಟ್ಟಿಗೆ ಮಾರಿದರೆಂದು ಪರಂಪರೆ ಹೇಳುತ್ತದೆ. ಈಚಿನ ಕಾಲಕ್ಕೆ ಬಂದರೆ, ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೆ ಛತ್ರ ಕಟ್ಟಿಸಿದ್ದು ಊರಿಗೆ ಬಂದಿಳಿಯುವ ಹಳ್ಳಿಯವರಿಗಾಗಿ, ಓದುವ ಹುಡುಗರಿಗಾಗಿ. ಬಂದವರನ್ನು ಇಳಿಸಿಕೊಳ್ಳುವ ಕೆಲಸ ನಮಗೆ ಹೊಸದಲ್ಲ.

ಜಾತಿ ಕಾಲಂ ಬಗ್ಗೆ ಒಂದೇ ಮಾತು ಹೇಳುತ್ತೇನೆ. 2011ರಲ್ಲಿ ಬೆಂಗಳೂರಿನ ಪಾಲಿಕೆ ವ್ಯಾಪ್ತಿಯಲ್ಲಿ ಹಿಂದೂಗಳು ಶೇ. 79ರಷ್ಟು, ಮುಸ್ಲಿಮರು 14, ಕ್ರೈಸ್ತರು ಐದಕ್ಕಿಂತ ಸ್ವಲ್ಪ ಹೆಚ್ಚು, ಜೈನರು ಒಂದು. ಆ 79ರೊಳಗೆ ಲಿಂಗಾಯತರು ಎಷ್ಟು ಎಂದು ಕೋಷ್ಟಕ ಹೇಳುವುದಿಲ್ಲ. ಅದು ತಿಳಿಯಬೇಕು ಎಂದು ನಾವೆಲ್ಲ ಕೇಳುತ್ತಿದ್ದೇವೆ, ಸರಿ. ಆದರೆ ಅದರೊಳಗೆ ಹಡಪದರು ಎಷ್ಟು, ಮಡಿವಾಳರು ಎಷ್ಟು, ಗಾಣಿಗರು, ಕುಂಬಾರರು, ನೇಕಾರರು ಎಷ್ಟು ಎಂಬುದೂ ತಿಳಿಯಬೇಕಲ್ಲವೇ? ಬೆಂಗಳೂರಿನ ಸಲೂನುಗಳಲ್ಲಿ, ಇಸ್ತ್ರಿ ಅಂಗಡಿಗಳಲ್ಲಿ ದುಡಿಯುವ ನಮ್ಮ ಕಾಯಕ ಬಂಧುಗಳು ಒಟ್ಟು ಸಂಖ್ಯೆ ದೊಡ್ಡದು ಮಾಡಲು ಮಾತ್ರ ಬೇಕು, ವಿದ್ಯಾರ್ಥಿನಿಲಯದ ಸೀಟು ಹಂಚುವಾಗ ಬೇಡ ಎಂದರೆ ಅದು ಬಸವಣ್ಣನವರ ಹೆಸರು ಹೇಳುವವರಿಗೆ ಒಪ್ಪುವ ನಡೆಯಲ್ಲ. ಉಪಜಾತಿ ಬರೆಸಿದರೆ ಸಮಾಜ ಒಡೆಯುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಇರುವುದನ್ನು ಇರುವ ಹಾಗೆ ಅಳೆಯದೆ ಯಾವ ಕಟ್ಟಡವನ್ನೂ ದುರಸ್ತಿ ಮಾಡಲಾಗುವುದಿಲ್ಲ.

ಹೀಗಾಗಿ ನಗರದ ಮಠಗಳಲ್ಲಿ, ಸಂಘಗಳಲ್ಲಿ ನನ್ನದೊಂದು ಬೇಡಿಕೆ. ಜನಸಂಖ್ಯೆ ಎಣಿಕೆ ಫೆಬ್ರವರಿಯಲ್ಲಿ ನಡೆಯುತ್ತದೆ. ಮುಂಗಾರಿನ ಬೆಳೆ ಮುಗಿಸಿ ಗುಳೆ ಬಂದವರು ಆಗ ಊರಿನಲ್ಲಿ ಇರುವುದಿಲ್ಲ, ಇಲ್ಲೇ ಇರುತ್ತಾರೆ. ಒಬ್ಬ ಗಣತಿದಾರರಿಗೆ ಏಳೆಂಟು ನೂರು ಜನರ ಬ್ಲಾಕ್ ಇರುತ್ತದೆ. ಹೆಚ್ಚಿನವರು ಶಾಲಾ ಶಿಕ್ಷಕರು. ಅವರಿಗೆ ಕಾಂಪೌಂಡಿನ ಒಳಗಿನ ಶೆಡ್ಡು ಗೊತ್ತಾಗದಿದ್ದರೆ ಅದು ಅವರ ತಪ್ಪಲ್ಲ. ಆಯಾ ಬಡಾವಣೆಯ ಬಸವ ಕೇಂದ್ರಗಳ ಯುವಕರು ಒಂದು ಭಾನುವಾರ ಓಡಾಡಿ, ತಮ್ಮ ಸುತ್ತಲಿನ ಶೆಡ್ಡು, ಟೆಂಟು, ನಿರ್ಮಾಣ ಹಂತದ ಕಟ್ಟಡಗಳ ಪಟ್ಟಿ ಮಾಡಿ ವಾರ್ಡ್ ಕಚೇರಿಗೆ ಬರವಣಿಗೆಯಲ್ಲಿ ಕೊಡಲಿ, ಸ್ವೀಕೃತಿ ಪಡೆಯಲಿ. ಒಳಗಿರುವವರು ಸುರಪುರದವರೋ ಮುರ್ಷಿದಾಬಾದಿನವರೋ ಎಂದು ವಿಂಗಡಿಸಬೇಡಿ, ಇಬ್ಬರೂ ನೀರು ಕುಡಿಯುತ್ತಾರೆ. ಹೇಳಿದರೆ ಓಡಿಸುತ್ತಾರೆ ಎಂದು ಹೆದರುವವರಿಗೆ ಒಂದು ವಿಷಯ ತಿಳಿಸಿ: 1948ರ ಜನಗಣತಿ ಕಾಯ್ದೆಯಂತೆ ಗಣತಿಯಲ್ಲಿ ಕೊಟ್ಟ ಮಾಹಿತಿ ಗೋಪ್ಯ, ಅದನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ.

ನಮ್ಮ ಪ್ರಸಾದ ನಿಲಯಗಳ ವ್ಯವಸ್ಥಾಪಕರಿಗೂ ಒಂದು ಸೂಚನೆ. ವಿದ್ಯಾರ್ಥಿನಿಲಯವನ್ನು ಗಣತಿಯಲ್ಲಿ ಸಾಂಸ್ಥಿಕ ಕುಟುಂಬ ಎಂದು ಲೆಕ್ಕ ಹಾಕುತ್ತಾರೆ, ಅಲ್ಲಿರುವ ಮಕ್ಕಳನ್ನು ಅಲ್ಲೇ ಎಣಿಸುತ್ತಾರೆ. ಊರಲ್ಲಿ ಅಪ್ಪ ಬರೆಸಿರುತ್ತಾರೆ ಬಿಡಿ ಎನ್ನಬೇಡಿ. ಹುಟ್ಟಿದ ಊರು, ಇಲ್ಲಿಗೆ ಬಂದ ವರ್ಷ, ಮನೆಮಾತು, ಗೊತ್ತಿರುವ ಇತರ ಭಾಷೆಗಳು ಇವನ್ನು ಪ್ರತಿ ಹುಡುಗನಿಂದ ಕೇಳಿ ಮೊದಲೇ ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಲಂಬಾಣಿ ಆಡುವವನು ಲಂಬಾಣಿ ಎಂದೇ ಬರೆಸಲಿ, ಕನ್ನಡವನ್ನು ಮುಂದಿನ ಕಾಲಂನಲ್ಲಿ ತಪ್ಪದೆ ಹೇಳಲಿ. ಅಡುಗೆಮನೆಯ ಕೆಲಸದವರು, ಕಸ ಗುಡಿಸುವವರು, ರಾತ್ರಿ ಗೇಟಿನ ಬಳಿ ಮಲಗುವ ಕಾವಲುಗಾರ ಇವರ ಹೆಸರುಗಳೂ ಆ ರಿಜಿಸ್ಟರಿನಲ್ಲಿ ಇರಲಿ.